ಕೊಲಂಬಿಯಾ, ಪೆರು, ಬ್ರೆಜಿಲ್: ಗೆಳೆಯರ ಜೊತೆ ಬ್ಯಾಗು ಬೆನ್ನಿಗೇರಿಸಿ ಹೊರಡಲು ಯಾವ ಕರಾವಳಿ?

ಕರಾವಳಿ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಗೋಕರ್ಣ, ಮಲ್ಪೆ, ಮರವಂತೆ. ತೆಂಗಿನ ಸಾಲು, ಬೆಚ್ಚಗಿನ ನೀರು, ಮೈಗೆ ಅಂಟುವ ಉಪ್ಪುಗಾಳಿ. ಇದೇ ಚಿತ್ರ ತಲೆಯಲ್ಲಿಟ್ಟುಕೊಂಡು ಒಂದು ಜುಲೈನಲ್ಲಿ ನಾವು ನಾಲ್ವರು ಪೆರುವಿನ ಲಿಮಾದಲ್ಲಿ ಇಳಿದೆವು. ಆಕಾಶ ಪೂರ್ತಿ ಬೂದಿ ಬಣ್ಣ. ಕಡಲಿಗೆ ತಾಗಿಕೊಂಡೇ ಹಸಿರಿಲ್ಲದ ಒಣ ದಿಬ್ಬ. ನೀರಿಗೆ ಪಾದ ಇಟ್ಟರೆ ಮೂಳೆಗೆ ಇಳಿಯುವ ಚಳಿ. ಈಜಬೇಕು ಅಂತಲೇ ಬಂದಿದ್ದ ಇಬ್ಬರು ಸ್ವೆಟರ್ ಹುಡುಕಿಕೊಂಡು ಅಂಗಡಿಗೆ ಹೋದರು.

ಆಮೇಲೆ ಕೊಲಂಬಿಯಾ, ಅದಾದ ಮೇಲೆ ಬ್ರೆಜಿಲ್‌ಗೂ ಹೆಚ್ಚುಕಡಿಮೆ ಇದೇ ಗುಂಪು ಹೋಗಿ ಬಂದೆವು. ಈಗ ಯಾರಾದರೂ "ದಕ್ಷಿಣ ಅಮೆರಿಕ ಕಡೆ ಹೋಗೋಣ ಅಂತಿದ್ದೀವಿ, ಯಾವ ದೇಶ ಒಳ್ಳೇದು?" ಅಂತ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಹಾಕುತ್ತೇನೆ. ನಿಮಗೆ ಕಡಲಿಗೆ ಇಳಿಯಬೇಕಾ, ಕಡಲ ಪಕ್ಕ ಓಡಾಡಿದರೆ ಸಾಕಾ? ಗುಂಪಿನಲ್ಲಿ ಎಲ್ಲರೂ ಇದಕ್ಕೆ ಒಂದೇ ಉತ್ತರ ಕೊಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ಯಾಕೆಂದರೆ ಆ ಖಂಡದ ಎರಡು ಬದಿಯ ಕಡಲು ಎರಡು ಥರ. ಪಶ್ಚಿಮದಲ್ಲಿ ಹಂಬೋಲ್ಟ್ ಎಂಬ ತಣ್ಣನೆಯ ಪ್ರವಾಹ ಚಿಲಿ, ಪೆರು ದಡಕ್ಕೆ ಒತ್ತಿಕೊಂಡು ಉತ್ತರಕ್ಕೆ ಹರಿಯುತ್ತದೆ. ಆ ತಣ್ಣನೆಯ ನೀರಿನಿಂದ ಮಂಜು, ಮೋಡ ಏಳುತ್ತದೆ, ಮಳೆ ಮಾತ್ರ ಅಪರೂಪ. ಅದಕ್ಕೇ ಕಡಲು ಪಕ್ಕದಲ್ಲೇ ಇದ್ದರೂ ಪೆರು, ಉತ್ತರ ಚಿಲಿಯ ದಡ ಮರಳುಗಾಡು. ಮೀನಿಗೆ ಮಾತ್ರ ಅದು ಸ್ವರ್ಗ. ಉತ್ತರದ ಕೆರಿಬಿಯನ್, ಪೂರ್ವದ ಬ್ರೆಜಿಲ್ ಬದಿ ಬೆಚ್ಚಗೆ, ಹಸಿರಾಗಿ ಇರುತ್ತದೆ, ನಮ್ಮ ಕಡೆಯ ಹಾಗೆ.

ಉಳಿದ ದೇಶಗಳನ್ನು ಇಲ್ಲಿ ಸೇರಿಸಿಲ್ಲ. ಚಿಲಿಯ ವಾಲ್ಪರೈಸೋ ಊರು ಚೆಂದ, ಆದರೆ ಅಲ್ಲಿಯ ನೀರೂ ತಣ್ಣಗೆ, ಖರ್ಚೂ ಜಾಸ್ತಿ. ಉರುಗ್ವೆಯ ಕಾಬೊ ಪೊಲೊನಿಯೊಗೆ ರಸ್ತೆ ಇಲ್ಲ, ಕರೆಂಟಿನ ತಂತಿ ಇಲ್ಲ, ಮರಳು ದಿಬ್ಬಗಳ ಮೇಲೆ ದೊಡ್ಡ ಲಾರಿಯಲ್ಲಿ ಹೋಗಬೇಕು. ಅದಕ್ಕೆ ಎರಡು ದಿನ ಸಾಕು, ಅದೊಂದಕ್ಕೇ ಅಷ್ಟು ದೂರ ಹೋಗಲಾಗದು. ಈಕ್ವೆಡಾರ್‌ನಲ್ಲಿ 2024ರ ಜನವರಿಯಲ್ಲಿ ಅಪರಾಧ ಗುಂಪುಗಳ ವಿರುದ್ಧ ಸರ್ಕಾರವೇ ಆಂತರಿಕ ಸಶಸ್ತ್ರ ಸಂಘರ್ಷ ಅಂತ ಘೋಷಿಸಿತು. ಕರಾವಳಿ ಪ್ರಾಂತ್ಯಗಳಲ್ಲಿ ಅದಾದ ಮೇಲೂ ತುರ್ತು ಪರಿಸ್ಥಿತಿ ಬಂದಿದೆ. ಮೊದಲ ಸಲ ಹೋಗುವ ಗುಂಪಿಗೆ ಅದನ್ನು ನಾನು ಹೇಳುವುದಿಲ್ಲ.

ಕೊಲಂಬಿಯಾ: ಮೊದಲ ಸಲಕ್ಕೆ ನನ್ನ ಮತ ಇದಕ್ಕೆ

ಕೆರಿಬಿಯನ್ ದಡದ ಕಾರ್ತಹೇನಾದಿಂದ ಪಲೊಮಿನೊ ಊರಿನವರೆಗೆ ಸುಮಾರು 300 ಕಿ.ಮೀ. ನಮ್ಮ ಇಡೀ ಕರಾವಳಿಯ ಉದ್ದಕ್ಕೆ ಹತ್ತಿರ ಹತ್ತಿರ. ಈ ಚಿಕ್ಕ ದಾರಿಯಲ್ಲಿ ಕೋಟೆಗೋಡೆಯ ಹಳೇ ಊರು, ಕಾಡು, ಹಿಮದ ಬೆಟ್ಟ, ನದಿ ಬಂದು ಕಡಲು ಸೇರುವ ಜಾಗ ಎಲ್ಲವೂ ಬರುತ್ತದೆ. ಇನ್ನೂ ಮುಂದೆ ಹೋದರೆ ಮರಳುಗಾಡೂ ಇದೆ. ಒಂದೂ ರಾತ್ರಿ ಬಸ್ಸು ಬೇಡ. ಗುಂಪಿಗೆ ಇದು ಎಷ್ಟು ದೊಡ್ಡ ಅನುಕೂಲ ಅನ್ನುವುದು ನಿದ್ದೆಗೆಟ್ಟ ನಾಲ್ಕು ಜನ ಬೆಳಿಗ್ಗೆ 6ಕ್ಕೆ ಬಸ್ ನಿಲ್ದಾಣದಲ್ಲಿ ಇಳಿದು ಹಾಸ್ಟೆಲ್ ಹುಡುಕುವಾಗ ಗೊತ್ತಾಗುತ್ತದೆ.

ಕಾರ್ತಹೇನಾ 1533ರಲ್ಲಿ ಸ್ಪೇನಿನವರು ಕಟ್ಟಿದ ಬಂದರು. ಗೋಡೆಯ ಒಳಗಿನ ಊರಿನಲ್ಲಿ ಎಲ್ಲಕ್ಕೂ ದುಬಾರಿ ಬೆಲೆ. ಪಕ್ಕದ ಹೆತ್ಸೆಮನಿ ಬಡಾವಣೆಯಲ್ಲಿ ಉಳಿಯಿರಿ. ಸಂಜೆ ಅಲ್ಲಿನ ಚರ್ಚ್ ಮುಂದಿನ ಚೌಕದಲ್ಲಿ ಸುಮ್ನೆ ಕೂತರೆ ಸಾಕು, ಹಾಡು, ಕುಣಿತ, ತಿಂಡಿ ಗಾಡಿ ಎಲ್ಲ ನಿಮ್ಮ ಹತ್ತಿರವೇ ಬರುತ್ತದೆ. ಎರಡು ರಾತ್ರಿ ಸಾಕು. ಅಲ್ಲಿಂದ ನಾಲ್ಕೈದು ಗಂಟೆಗೆ ಸಾಂತಾ ಮಾರ್ತಾ. ಆ ಊರು ನೋಡಲು ಸಾಧಾರಣ, ಆದರೆ ಎಲ್ಲದಕ್ಕೂ ಅದೇ ನೆಲೆ. ಊರ ಹಿಂದೆ ಸಿಯೆರಾ ನೆವಾದಾ ಬೆಟ್ಟಸಾಲು ಕಡಲಿನಿಂದ ಬರೀ 40 ಕಿ.ಮೀ. ಆಸುಪಾಸಿನಲ್ಲಿ 5,700 ಮೀಟರ್ ಏರುತ್ತದೆ. ಕೆಳಗೆ ತೆಂಗು, ಮೇಲೆ ಹಿಮ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ತಾಯ್ರೋನಾ ರಾಷ್ಟ್ರೀಯ ಉದ್ಯಾನ. ದೊಡ್ಡ ಬ್ಯಾಗನ್ನು ಸಾಂತಾ ಮಾರ್ತಾದ ಹಾಸ್ಟೆಲ್‌ನಲ್ಲೇ ಬಿಟ್ಟು, ಚಿಕ್ಕ ಚೀಲದಲ್ಲಿ ಒಂದು ಜೊತೆ ಬಟ್ಟೆ, ಟಾರ್ಚು, ಸೊಳ್ಳೆ ಮುಲಾಮು, ನೀರು ಹಾಕಿಕೊಂಡು ಹೋಗಬೇಕು. ಗೇಟಿನಿಂದ ಸ್ವಲ್ಪ ದೂರ ವ್ಯಾನು, ಆಮೇಲೆ ಎರಡು ಮೂರು ಗಂಟೆ ನಡಿಗೆ. ದಾರಿ ತುಂಬ ಮರದ ಬೇರು. ಒಂದು ಕಡೆ ಎಲೆ ಕತ್ತರಿಸುವ ಇರುವೆಗಳ ಸಾಲು ದಾರಿ ದಾಟುತ್ತಿತ್ತು. ಒಂದೊಂದರ ತಲೆಯ ಮೇಲೂ ಉಗುರಿನಷ್ಟು ಹಸಿರು ಎಲೆಚೂರು, ಪುಟ್ಟ ಹಾಯಿದೋಣಿಗಳು ತೇಲಿ ಹೋದ ಹಾಗೆ. ಅವುಗಳ ಮೇಲೆ ಕಾಲಿಡಬಾರದು ಅಂತ ನಾವು ನಾಲ್ವರೂ ಒಬ್ಬರ ಹಿಂದೆ ಒಬ್ಬರು ನಿಂತು ಹೆಜ್ಜೆ ಎತ್ತಿ ದಾಟಿದೆವು.

ಮಧ್ಯದಲ್ಲಿ ಅರೆಸೀಫೆಸ್ ಅನ್ನುವ ಕಡಲತೀರ ಸಿಗುತ್ತದೆ. ನೋಡಲು ಅದೇ ಎಲ್ಲಕ್ಕಿಂತ ಸುಂದರ, ಆದರೆ ಒಳಸೆಳೆತ ತುಂಬಾ ಜೋರು. ಈಜಬೇಡಿ ಅಂತ ಫಲಕ ಹಾಕಿದ್ದಾರೆ, ಎಷ್ಟೋ ಜನ ಅಲ್ಲಿ ಮುಳುಗಿ ಸತ್ತಿದ್ದಾರೆ. ಗುಂಪಿನಲ್ಲಿ ಒಬ್ಬರಾದರೂ "ಸ್ವಲ್ಪ ಮೊಣಕಾಲವರೆಗೆ" ಅನ್ನುತ್ತಾರೆ. ಬಿಡಬೇಡಿ. ಇನ್ನೂ ಮುಂದೆ ನಡೆದರೆ ಬಂಡೆಗಳು ತಡೆದು ನಿಲ್ಲಿಸಿದ ಶಾಂತ ನೀರು ಸಿಗುತ್ತದೆ.

ರಾತ್ರಿ ಉದ್ಯಾನದೊಳಗಿನ ಕಾಬೊ ಸಾನ್ ಹ್ವಾನ್ ಕಡಲತೀರದಲ್ಲಿ ಸಾಲಾಗಿ ಕಟ್ಟಿದ ಜೋಲಿಗಳಲ್ಲಿ ಮಲಗಿದೆವು. ನಾನು ನೇರ ಮಲಗಿ ಬಾಳೆಹಣ್ಣಿನ ಹಾಗೆ ಬಾಗಿ ಒದ್ದಾಡುತ್ತಿದ್ದೆ. ಪಕ್ಕದ ಜೋಲಿಯ ಹಿರಿಯರೊಬ್ಬರು ಎದ್ದು ಬಂದು, ಏನೂ ಮಾತಾಡದೆ, ನನ್ನ ಕಾಲು ಹಿಡಿದು ಒಂದು ಬದಿಗೆ, ತಲೆ ಇನ್ನೊಂದು ಬದಿಗೆ ಸರಿಸಿದರು. ಓರೆಯಾಗಿ ಮಲಗಿದರೆ ಬಟ್ಟೆ ಹರಡಿಕೊಂಡು ಬೆನ್ನು ಚಪ್ಪಟೆಯಾಗುತ್ತದೆ. ಅವತ್ತಿನಿಂದ ಜೋಲಿಯೆಂದರೆ ನನಗೆ ಮಂಚಕ್ಕಿಂತ ಇಷ್ಟ. ಬೆಳಗಿನ ಜಾವ ಗಾಳಿ ತಣ್ಣಗಿರುತ್ತದೆ, ತೆಳು ಹೊದಿಕೆ ಒಂದಿರಲಿ. ಈ ಉದ್ಯಾನವನ್ನು ವರ್ಷದಲ್ಲಿ ಕೆಲವು ಸಲ, ಸಾಮಾನ್ಯವಾಗಿ ಫೆಬ್ರವರಿ, ಜೂನ್, ಅಕ್ಟೋಬರ್ ಸುಮಾರಿಗೆ, ಕಾಡಿಗೆ ವಿಶ್ರಾಂತಿ ಬೇಕು ಅಂತ ಮುಚ್ಚುತ್ತಾರೆ. ಅಲ್ಲಿನ ಮೂಲನಿವಾಸಿಗಳಿಗೆ ಅದು ಪವಿತ್ರ ನೆಲ. ದಿನ ನೋಡಿಕೊಂಡು ಟಿಕೆಟ್ ಮಾಡಿ.

ಸಮಯ ಇದ್ದರೆ ಪಲೊಮಿನೊದಿಂದ ಮುಂದೆ ಲಾ ಗ್ವಹೀರಾ ಮರಳುಗಾಡು. ದಕ್ಷಿಣ ಅಮೆರಿಕದ ನೆಲದ ಉತ್ತರ ತುದಿ ಪುಂತಾ ಗಯೀನಾಸ್ ಅಲ್ಲೇ ಇರುವುದು. ಜೀಪಿನಲ್ಲಿ ಎರಡು ಮೂರು ದಿನ, ಧೂಳು, ಕಳ್ಳಿ ಗಿಡ. ಇಲ್ಲಿ ನೀರಿಗೆ ತುಂಬಾ ಬರ. ಅಲ್ಲಿನ ಮೂಲನಿವಾಸಿಗಳಾದ ವಯೂ ಜನರ ಮಕ್ಕಳು ದಾರಿಗೆ ಅಡ್ಡ ಹಗ್ಗ ಹಿಡಿದು ನಿಂತು ಬಿಸ್ಕತ್ತು, ನೀರು ಕೇಳುತ್ತಾರೆ. ನೋಡಿದರೆ ಮನಸ್ಸು ಭಾರವಾಗುತ್ತದೆ. ಬರೀ ಮಜಾ ಮಾಡಲು ಹೋಗುವ ಗುಂಪಿಗೆ ಈ ಭಾಗ ಹೊಂದುವುದಿಲ್ಲ.

ಅಲ್ಲಿಯವರ ಒಂದು ಮಾತಿದೆ, "ನೋ ದಾರ್ ಪಪಾಯಾ", ಪರಂಗಿ ಹಣ್ಣು ಕೊಡಬೇಡ. ಅಂದರೆ ಕಳ್ಳನಿಗೆ ನೀನೇ ಅವಕಾಶ ಮಾಡಿಕೊಡಬೇಡ ಅಂತ. ಕೈಯಲ್ಲಿ ಫೋನು ಹಿಡಿದು ನಕ್ಷೆ ನೋಡುತ್ತಾ ನಡೆಯುವುದೇ ಪರಂಗಿ ಹಣ್ಣು. ಮೂರೂ ದೇಶಕ್ಕೂ ಇದು ಅನ್ವಯಿಸುತ್ತದೆ.

ಪೆರು: ಹಳೆಯದನ್ನು ಪ್ರೀತಿಸುವವರಿಗೆ

ಪೆರುವಿನಲ್ಲಿ ಕಡಲಿಗೆ ಇಳಿಯುವ ಆಸೆ ಬಿಟ್ಟರೆ ಅಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ. ಲಿಮಾದಿಂದ ದಕ್ಷಿಣಕ್ಕೆ ನಾಲ್ಕು ಗಂಟೆ ಹೋದರೆ ಪರಾಕಾಸ್. ಅಲ್ಲಿಂದ ದೋಣಿಯಲ್ಲಿ ಬಯ್ಯೆಸ್ತಾಸ್ ದ್ವೀಪಗಳಿಗೆ. ಕಡಲಸಿಂಹಗಳ ಗದ್ದಲ, ಹಂಬೋಲ್ಟ್ ಪೆಂಗ್ವಿನ್, ಲೆಕ್ಕವಿಲ್ಲದಷ್ಟು ಹಕ್ಕಿ. ದ್ವೀಪದ ಮೇಲೆ ಇಳಿಯಲು ಬಿಡುವುದಿಲ್ಲ. ಅಲ್ಲಿಂದ ಹತ್ತಿರದಲ್ಲೇ ವಕಾಚಿನಾ, ಮರಳು ದಿಬ್ಬಗಳ ಮಧ್ಯೆ ಒಂದು ಕೊಳ. ಹಲಗೆಯ ಮೇಲೆ ಮಲಗಿ ದಿಬ್ಬದಿಂದ ಜಾರುವುದು ಗೆಳೆಯರ ಗುಂಪಿಗೆ ಹೇಳಿ ಮಾಡಿಸಿದ ಆಟ.

ಉತ್ತರಕ್ಕೆ ಹೋದರೆ ತ್ರುಹಿಯೊ ಊರು. ಅದರ ಪಕ್ಕ ಚಾನ್ ಚಾನ್, ಇಂಕಾಗಳಿಗೂ ಮೊದಲು ಚಿಮು ಜನ ಬರೀ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದ ನಗರ. ಗೋಡೆಗಳ ಮೇಲೆ ಮೀನು, ಹಕ್ಕಿ, ಬಲೆಯ ಕಣ್ಣುಗಳ ಚಿತ್ತಾರ. 1986ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೂ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಒಟ್ಟಿಗೇ ಸೇರಿಸಿತು. ಮಳೆ ಬಂದರೆ ಮಣ್ಣು ಕರಗುತ್ತದೆ, ಅದೇ ಭಯ. ಇನ್ನೂ ಮೇಲೆ ಸಿಪಾನ್. ಅಲ್ಲಿ 1987ರಲ್ಲಿ ವಾಲ್ಟರ್ ಆಲ್ವಾ ಎಂಬ ಪುರಾತತ್ವಜ್ಞರು ಚಿಮುಗಳಿಗೂ ಹಿಂದಿನ ಮೊಚೆ ಜನರ ಕಾಲದ ಒಡೆಯನ ಗೋರಿಯನ್ನು ಚಿನ್ನದ ಸಮೇತ ತೆರೆದರು. ಲಾಂಬಯೆಕೆ ಊರಿನ ಮ್ಯೂಸಿಯಮ್ಮಿನಲ್ಲಿ ನಾನು ಅರ್ಧ ದಿನ ಕಳೆದೆ. ಜೊತೆಯಲ್ಲಿದ್ದ ಒಬ್ಬನಿಗೆ ಒಂದು ಗಂಟೆಗೇ ಸಾಕಾಗಿತ್ತು. ಪೆರುವಿಗೆ ಹೋಗುವ ಮೊದಲು ಗುಂಪಿನಲ್ಲಿ ಇಂಥವರು ಎಷ್ಟು ಜನ ಅಂತ ಎಣಿಸಿಕೊಳ್ಳಿ.

ತ್ರುಹಿಯೊ ಪಕ್ಕದ ವಾಂಚಾಕೊ ಮೀನುಗಾರರ ಊರು. ಅಲ್ಲಿ ಜೊಂಡುಹುಲ್ಲಿನ ಕಂತೆ ಬಿಗಿದು ದೋಣಿ ಮಾಡುತ್ತಾರೆ, ಮುಂದಿನ ತುದಿ ಆನೆಯ ದಂತದ ಹಾಗೆ ಮೇಲಕ್ಕೆ ಬಾಗಿರುತ್ತದೆ. ಮೊಚೆ ಜನರ ಹಳೇ ಮಡಕೆಗಳ ಮೇಲೂ ಇಂಥದೇ ದೋಣಿಗಳಿವೆ. ಬೆಳಿಗ್ಗೆ ಒಬ್ಬರು ಅದರ ಮೇಲೆ ಮಂಡಿಯೂರಿ, ಸೀಳಿದ ಬಿದಿರನ್ನೇ ಹುಟ್ಟು ಮಾಡಿಕೊಂಡು ಅಲೆ ದಾಟಿ ಹೋದರು. ಬರುವಾಗ ಅಲೆಯ ಮೇಲೆ ಕೂತೇ ದಡಕ್ಕೆ ಬಂದರು. ಇಳಿದ ಮೇಲೆ ದೋಣಿಯನ್ನು ಹೆಗಲಿಗೆ ಹೊತ್ತು ಗೋಡೆಗೆ ನೆಟ್ಟಗೆ ಒರಗಿಸಿದರು. ಒಣಗಲು. ನೀರು ಕುಡಿದ ಹುಲ್ಲು ಭಾರವಾಗುತ್ತದೆ, ಕೆಲವೇ ತಿಂಗಳಲ್ಲಿ ಹೊಸದು ಕಟ್ಟಬೇಕು. ಹುಲ್ಲನ್ನು ಊರವರೇ ದಡದ ಹೊಂಡಗಳಲ್ಲಿ ಬೆಳೆಯುತ್ತಾರೆ.

ಪೆರುವಿನ ಕಷ್ಟ ದೂರದ್ದು. ಲಿಮಾದಿಂದ ಬೆಚ್ಚಗಿನ ನೀರು ಸಿಗುವ ಮಾಂಕೊರಾ 1,100 ಕಿ.ಮೀ.ಗೂ ಜಾಸ್ತಿ. ಬಸ್ಸುಗಳು ಚೆನ್ನಾಗಿವೆ, ಮಲಗುವಷ್ಟು ಹಿಂದಕ್ಕೆ ಬಾಗುವ ಸೀಟಿಗೆ "ಕಾಮಾ" ಅಂತ ಕೇಳಬೇಕು. ಆದರೂ ಅದು ಇಡೀ ರಾತ್ರಿ, ಮೇಲೆ ಅರ್ಧ ದಿನ. ಕಿಟಕಿಯ ಹೊರಗೆ ಬರೀ ಮರಳು. ಎರಡು ವಾರದಲ್ಲಿ ಉತ್ತರ, ದಕ್ಷಿಣ ಎರಡೂ ಮಾಡುತ್ತೇವೆ ಅಂದರೆ ಸುಸ್ತಾಗಿ ಜಗಳ ಶುರುವಾಗುತ್ತದೆ. ಒಂದು ದಿಕ್ಕು ಆರಿಸಿಕೊಳ್ಳಿ.

ಬ್ರೆಜಿಲ್: ನಮ್ಮ ಕರಾವಳಿಯ ದೂರದ ನೆಂಟ

ರಿಯೊದ ಹಾಸ್ಟೆಲ್‌ನಲ್ಲಿ ಕೋಣೆಯ ಬೀಗದ ಕೈ ಕೊಡುತ್ತಾ ಹುಡುಗಿ "ಶಾವಿ" ಅಂದಳು. ಉಡುಪಿಯ ನನ್ನ ಗೆಳೆಯ ತಟ್ಟನೆ ಕೈ ಚಾಚಿದ. ಚಾವಿ! ಪೋರ್ಚುಗೀಸರು ನಮ್ಮ ಕರಾವಳಿಯಲ್ಲಿ ಬಿಟ್ಟುಹೋದ ಪದ ಅದು. ಮಾರನೇ ದಿನ ಅಂಗಡಿಯಲ್ಲಿ ಆಲೂಗಡ್ಡೆಗೆ "ಬಟಾಟಾ" ಅಂದಾಗ ಅವನ ಮುಖ ನೋಡಬೇಕಿತ್ತು, ಅವನ ಮನೆಯಲ್ಲೂ ಅದು ಬಟಾಟೆ. ನಮ್ಮ ಗುಡ್ಡಗಳ ಗೇರುಮರವೂ ಬ್ರೆಜಿಲ್‌ನಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅಲ್ಲಿ ಗೇರುಹಣ್ಣಿನ ಜ್ಯೂಸು ಎಲ್ಲ ಕಡೆ ಸಿಗುತ್ತದೆ. ಕುಡಿಯಿರಿ, ಗಂಟಲಿಗೆ ಆ ಒಗರು ಹಾಗೇ ತಾಗುತ್ತದೆ.

ಬ್ರೆಜಿಲ್ ಕರಾವಳಿ 7,000 ಕಿ.ಮೀ.ಗೂ ಉದ್ದ. ಪೂರ್ತಿ ನೋಡುವ ಮಾತೇ ಇಲ್ಲ, ಎರಡು ತುಂಡು ಆರಿಸಿಕೊಂಡು ಮಧ್ಯೆ ವಿಮಾನ ಹಿಡಿಯಬೇಕು. ರಿಯೊದಿಂದ ಈಶಾನ್ಯದ ಸಾಲ್ವಡೋರ್ ನಗರಕ್ಕೆ ಬಸ್ಸಿನಲ್ಲಿ ಒಂದು ದಿನಕ್ಕೂ ಜಾಸ್ತಿ, ವಿಮಾನದಲ್ಲಿ ಎರಡು ಗಂಟೆ. ರಿಯೊ ಬದಿಯ ತುಂಡಿನಲ್ಲಿ ಇಲ್ಯಾ ಗ್ರಾಂಜಿ ದ್ವೀಪವನ್ನು ತಪ್ಪಿಸಬೇಡಿ. ಅಲ್ಲಿ ಪ್ರವಾಸಿಗಳಿಗೆ ಕಾರಿಲ್ಲ, ಕಾಡಿನ ಕಾಲುದಾರಿ ಮತ್ತು ದೋಣಿ ಅಷ್ಟೇ. 1994ರವರೆಗೆ ಜೈಲು ಇತ್ತು, ಅದರಿಂದಲೇ ಕಾಡು ಉಳಿಯಿತು. ಲೋಪೆಸ್ ಮೆಂಡೆಸ್ ಕಡಲತೀರಕ್ಕೆ ಹೋಗುವಾಗ ನಡೆಯಿರಿ, ವಾಪಸ್ ದೋಣಿಯಲ್ಲಿ ಬನ್ನಿ. ಆಮೇಲೆ ಪರಾಚಿ, ಉಬ್ಬರದ ದಿನ ಕಡಲ ನೀರು ಕಲ್ಲುಬೀದಿಗೆ ನುಗ್ಗಿ ಅದರಲ್ಲಿ ಮನೆಗಳ ಪ್ರತಿಬಿಂಬ ಕಾಣುವ ಹಳೇ ಊರು.

ಖರ್ಚಿನಲ್ಲಿ ಮೂರರಲ್ಲಿ ಇದೇ ಜಾಸ್ತಿ. ಎರಡು ವಾರ ಮಾತ್ರ ರಜೆ ಇದ್ದರೆ ಸಾಲ್ವಡೋರ್ ಬಿಟ್ಟು ರಿಯೊ ಬದಿ ಮಾತ್ರ ಮಾಡಿ. ಮೂರು ವಾರ ಇದ್ದರೆ, ಕಡಲೂ ಬೇಕು, ಹಾಡು ಕುಣಿತವೂ ಬೇಕು ಅಂದರೆ ಇದಕ್ಕೆ ಸಮ ಇಲ್ಲ.

ಸಸ್ಯಾಹಾರಿಗಳ ಪ್ರಶ್ನೆ

ನಮ್ಮ ಗುಂಪುಗಳಲ್ಲಿ ಇದು ಬಂದೇ ಬರುತ್ತದೆ. ನಮ್ಮಲ್ಲಿ ಹಾಸನದ ಗೆಳತಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಅವಳಿಗೆ ಸುಲಭವಾದದ್ದು ಬ್ರೆಜಿಲ್. ಅಲ್ಲಿ ತೂಕದ ಲೆಕ್ಕದ ಹೋಟೆಲುಗಳು ಎಲ್ಲ ಊರಲ್ಲೂ ಇವೆ. ಅನ್ನ, ಸೊಪ್ಪು, ತರಕಾರಿ, ಹುರಿದ ಬಾಳೆ, ನಮಗೆ ಬೇಕಾದ್ದನ್ನು ನಾವೇ ಬಡಿಸಿಕೊಂಡು ತಟ್ಟೆ ತೂಗಿಸಿ ದುಡ್ಡು ಕೊಡುವುದು. ಕಾಳಿನ ಪಲ್ಯದಲ್ಲಿ ಮಾಂಸ ಇದೆಯಾ ಅಂತ ಮಾತ್ರ ಕೇಳಿ.

ಸಾಲ್ವಡೋರ್‌ನ ಬೀದಿಯಲ್ಲಿ ಅಕರಜೆ ಕರಿಯುವುದನ್ನು ನೋಡಿ ಅವಳು ಅಲ್ಲೇ ನಿಂತುಬಿಟ್ಟಳು. ಬಿಳಿ ಲಂಗ, ಬಿಳಿ ತಲೆವಸ್ತ್ರದ ಹೆಂಗಸು ನೆನೆಸಿ ಸಿಪ್ಪೆ ತೆಗೆದ ಅಲಸಂದೆ ಹಿಟ್ಟನ್ನು ಮರದ ಸೌಟಿನಿಂದ ಬೀಸಿ ಬೀಸಿ ಹಗುರ ಮಾಡಿ, ಕೆಂಪು ತಾಳೆ ಎಣ್ಣೆಗೆ ಉಂಡೆ ಉಂಡೆ ಬಿಡುತ್ತಿದ್ದರು. ಥೇಟ್ ನಮ್ಮ ವಡೆಯ ಕೆಲಸ, ಅಲ್ವಾ? ಆಫ್ರಿಕದಿಂದ ಗುಲಾಮರಾಗಿ ಬಂದವರ ತಿಂಡಿ ಅದು. ಒಳಗೆ ತುಂಬುವ ಪದಾರ್ಥಗಳಲ್ಲಿ ಸೀಗಡಿ ಇರುತ್ತದೆ, ಅದಕ್ಕೆ ಬರೀ ವಡೆ, ಟೊಮೆಟೊ ಸಾಲಡ್ ಮಾತ್ರ ಕೇಳಬೇಕು. "ಕೆಂಚಿ?" ಅಂತ ಕೇಳಿದರೆ ಬಿಸಿಯ ಬಗ್ಗೆ ಅಂದುಕೊಳ್ಳಬೇಡಿ, ಖಾರ ಹಾಕಲಾ ಅಂತ ಅರ್ಥ.

ಕೊಲಂಬಿಯಾದ ಕರಾವಳಿಯಲ್ಲಿ ಕೊಬ್ಬರಿ ಹಾಲಿನಲ್ಲಿ ಬೇಯಿಸಿದ ಅನ್ನ, ಹಸಿ ಬಾಳೆಕಾಯಿ ಜಜ್ಜಿ ಕರಿದ ಪತಕೋನ್, ಬೆಣ್ಣೆಹಣ್ಣು, ಚೀಸ್ ಹಾಕಿದ ಜೋಳದ ಅರೆಪಾ ಸಿಗುತ್ತದೆ. ಬದುಕಬಹುದು, ಬಗೆ ಕಡಿಮೆ. ಪೆರುವಿನಲ್ಲಿ ಮೀನು ತಿನ್ನುವವರಿಗೆ ಹಬ್ಬ. ನಿಂಬೆರಸದಲ್ಲೇ ಹದವಾಗುವ ಹಸಿ ಮೀನಿನ ಸೆವಿಚೆಯನ್ನು ಅಲ್ಲಿನವರು ಮಧ್ಯಾಹ್ನವೇ ತಿನ್ನುತ್ತಾರೆ. ಸಸ್ಯಾಹಾರಿಗೆ ಆಲೂಗಡ್ಡೆಯ ಮೇಲೆ ಹಳದಿ ಮೆಣಸಿನ ಸಾಸ್ ಸುರಿದ ಪಾಪಾ ಅ ಲಾ ವಾಂಕಾಯಿನಾ ಚೆನ್ನ, ಮೇಲಿಡುವ ಮೊಟ್ಟೆ ಬೇಡ ಅನ್ನಬೇಕು. ಚೀನೀಯರ "ಚೀಫಾ" ಹೋಟೆಲುಗಳೂ ಕೈ ಹಿಡಿಯುತ್ತವೆ.

ಯಾವ ತಿಂಗಳು ರಜೆ?

ಡಿಸೆಂಬರ್ ಕೊನೆಯಿಂದ ಮಾರ್ಚ್ ಒಳಗೆ ರಜೆ ಸಿಕ್ಕರೆ ಕೊಲಂಬಿಯಾ. ಆಗ ಅಲ್ಲಿ ಒಣ ಹವೆ, ಆದರೆ ಹೊಸ ವರ್ಷದ ವಾರಗಳಲ್ಲಿ ಬೆಲೆ ಏರಿರುತ್ತದೆ. ಸೆಪ್ಟೆಂಬರ್‌ನಿಂದ ನವೆಂಬರ್ ಮಳೆ. ಪೆರು ಕರಾವಳಿಯ ಬಿಸಿಲೂ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ಇಲ್ಲೊಂದು ತೊಡಕಿದೆ. ತುಂಬಾ ಜನ ಬೆಟ್ಟದ ಮೇಲಿನ ಹಳೇ ಇಂಕಾ ಊರು ಮಾಚು ಪಿಚುವನ್ನೂ ಸೇರಿಸಿಕೊಳ್ಳುತ್ತಾರೆ, ಅಲ್ಲಿ ಅದೇ ತಿಂಗಳು ಮಳೆಗಾಲ. ಫೆಬ್ರವರಿಯಲ್ಲಿ ಅಲ್ಲಿಗೆ ಹೋಗುವ ಇಂಕಾ ಕಾಲುದಾರಿಯನ್ನೇ ಮುಚ್ಚುತ್ತಾರೆ. ನಾವು ಜುಲೈನಲ್ಲಿ ಹೋಗಿದ್ದೂ ಬೆಟ್ಟಕ್ಕೆ ಸರಿಯಾದ ತಿಂಗಳು ಅಂತಲೇ. ಬೆಟ್ಟ, ಕಡಲು ಎರಡಕ್ಕೂ ಬಿಸಿಲು ಬೇಕೆಂದರೆ ಜುಲೈನಲ್ಲಿ ಉತ್ತರದ ಮಾಂಕೊರಾ ಕಡೆಗೆ ವಿಮಾನದಲ್ಲಿ ಹೋಗುವುದೇ ದಾರಿ. ಬ್ರೆಜಿಲ್‌ಗೆ ಸೆಪ್ಟೆಂಬರ್, ಅಕ್ಟೋಬರ್ ಹಿತ. ಜನವರಿಯಲ್ಲಿ ಪರಾಚಿ ಕಡೆ ಮಳೆ ಜೋರು, ಕಾರ್ನಿವಲ್ ವಾರದಲ್ಲಿ ಹಾಸಿಗೆ ಸಿಗುವುದೇ ಕಷ್ಟ.

ಎಷ್ಟು ಜನ ಅಂದರೆ, ನಾಲ್ಕು. ಟ್ಯಾಕ್ಸಿಗೆ ನಾಲ್ಕೇ ಜನ, ಹಾಸ್ಟೆಲ್ ಕೋಣೆಗೂ ಹೆಚ್ಚಾಗಿ ನಾಲ್ಕೇ ಹಾಸಿಗೆ. ಐದನೆಯವರು ಬಂದರೆ ಎಲ್ಲ ಕಡೆ ಎರಡು ಗಾಡಿ, ಎರಡು ಕೋಣೆ.

ವೀಸಾ ಮತ್ತು ಒಂದು ಚುಚ್ಚುಮದ್ದು

ಗುಂಪಿನ ಎಲ್ಲರ ಪಾಸ್‌ಪೋರ್ಟಿನಲ್ಲೂ ಅಮೆರಿಕದ ಅಥವಾ ಯುರೋಪಿನ ಷೆಂಗೆನ್ ವೀಸಾ ಇದ್ದು, ಅದಕ್ಕೆ ಇನ್ನೂ ಆರು ತಿಂಗಳು ಅವಧಿ ಇದ್ದರೆ, ಕೊಲಂಬಿಯಾ ಮತ್ತು ಪೆರು ಭಾರತೀಯ ಪ್ರವಾಸಿಗಳಿಂದ ಬೇರೆ ವೀಸಾ ಕೇಳುವುದಿಲ್ಲ. ಬ್ರೆಜಿಲ್‌ಗೆ ವೀಸಾ ಬೇಕೇ ಬೇಕು. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್‌ಗೆ ಮುಂಚೆ ರಾಯಭಾರ ಕಚೇರಿಯ ಮಾಹಿತಿ ನೋಡಿ. ಅಮೆರಿಕದ ಮೇಲೆ ಹೋಗುವ ಅಗ್ಗದ ಟಿಕೆಟ್ ಕಂಡು ಹಿಗ್ಗಬೇಡಿ. ವಿಮಾನ ಬದಲಿಸಲೂ ಅಲ್ಲಿ ವೀಸಾ ಬೇಕು.

ಜಾಸ್ತಿ ಜನ ಮರೆಯುವುದು ಹಳದಿ ಜ್ವರದ ಲಸಿಕೆ. ಈ ಮೂರೂ ದೇಶ ಭಾರತದ ಹಳದಿ ಜ್ವರದ ಪಟ್ಟಿಯಲ್ಲಿವೆ. ಹೋಗುವಾಗ ಯಾರೂ ಕೇಳದಿದ್ದರೂ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡು 10 ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಆಮೇಲೆ ಅದು ಜೀವನಪೂರ್ತಿ ನಡೆಯುತ್ತದೆ. ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಮೊಟ್ಟೆಯ ಅಲರ್ಜಿ ಇರುವವರು ಮೊದಲೇ ವೈದ್ಯರಿಗೆ ಹೇಳಬೇಕು, ಆ ಲಸಿಕೆಯನ್ನು ಮೊಟ್ಟೆಯಲ್ಲೇ ಬೆಳೆಸುವುದು. ಟಿಕೆಟ್ ಆದ ವಾರವೇ ನಾಲ್ವರೂ ಒಟ್ಟಿಗೆ ಹೋಗಿ ಚುಚ್ಚಿಸಿಕೊಂಡು ಬನ್ನಿ. ಆ ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ, ಚೆಕ್‌ಇನ್ ಬ್ಯಾಗಿನಲ್ಲಿ ಹಾಕಬೇಡಿ.